ಕಣ್ಣಿಲ್ಲದವಳು ತೆರೆಯುವ ಬಾಗಿಲು

ಸಿರುಗುಪ್ಪದ ರೈಸ್ ಮಿಲ್ಲಿನ ಮೇಸ್ತ್ರಿ ದೊಡ್ಡಬಸವರಾಜ ಫೋನಿನಲ್ಲಿ 'ಏಳು ಕೋಟೆಗಳ ನಾಡು' ಎಂಬ ಆಟ ಆಡುತ್ತಾನೆ ಎನ್ನುವುದಕ್ಕಿಂತ ಅದರೊಳಗೇ ಸಂಸಾರ ಹೂಡಿದ್ದಾನೆ ಎನ್ನಬೇಕು. ಗೆಳೆಯರೆಲ್ಲ ರಾಕ್ಷಸರನ್ನು ಕೊಂದು ಮುಂದೆ ಹೋದರೂ ಇವನು ಮಾತ್ರ ಎರಡನೆಯ ಕೋಟೆಯ ಕಲ್ಲಿನ ಮೇಲಿರುವ ಭವಿಷ್ಯವಾಣಿಯ ಮುಂದೆ ಬೀಡುಬಿಟ್ಟಿದ್ದಾನೆ: "ಕೋಟೆ ಕತ್ತಲಾದಾಗ ಕಣ್ಣಿಲ್ಲದವಳು ಬಾಗಿಲು ತೆರೆಯುವಳು." ಇದರ ಅರ್ಥವನ್ನು ಆಟ ಮಾಡಿದವರು ಎಲ್ಲೂ ಹೇಳಿಲ್ಲ, ಇವನಿಗೆ ಅದೇ ಹಬ್ಬ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿದ ಒಂದು ಸಾಲಿನ ಕಾರ್ಣಿಕಕ್ಕೆ ಜನ ಮಳೆ, ಬೆಳೆ, ಸರ್ಕಾರ ಎಲ್ಲವನ್ನೂ ಹೊಂದಿಸುತ್ತಾರಲ್ಲ, ಹಾಗೆ ಇವನೂ ಆ ಸಾಲಿನ ಕೊನೆಗೆ ತಾನೇ ಒಂದು 'ಪರಾಕ್' ಸೇರಿಸಿ, ಚಹಾದಂಗಡಿಯಲ್ಲಿ ಗಂಟಲು ಸರಿಮಾಡಿಕೊಂಡು ಅರ್ಥ ಬಿಡಿಸಲು ನಿಲ್ಲುತ್ತಾನೆ. ಕೈಯಲ್ಲಿನ ಚಹಾ ಆರಿ ಕೆನೆಗಟ್ಟಿದರೂ ಅರ್ಥ ಮುಗಿಯುವುದಿಲ್ಲ. ಕುರುಗೋಡಿನ ಆಟಗಾರರು ಫೋನ್ ಮಾಡಿ ಅಭಿಪ್ರಾಯ ಕೇಳಿದ ದಿನವಂತೂ ಅವನ ಮೀಸೆ ತಾನಾಗಿಯೇ ಮೇಲೇರುತ್ತದೆ. "ಆಕಿ ವೈರಿಗೆ ಬಾಗ್ಲಾ ತೆಗಿಯೋ ದ್ರೋಹಿ ಅಂತ ಜಗತ್ತೆಲ್ಲಾ ಹೇಳತೈತಲ್ಲಲೇ!" ಎಂದು ಜೊತೆಗೆ ಆಡುವ ಸಲಾವುದ್ದೀನ್ ಕೆಣಕಿದರೆ, ಇವನು ಎದೆಯುಬ್ಬಿಸಿ, "ಜಗತ್ತಿಗೇನ್ ಗೊತ್ತಲೇ? ಕತ್ಲಾದ್ರ ಕಣ್ಣಿದ್ದೋರು ತಡಕಾಡ್ತಾರ. ಆಕಿಗೆ ಯಾವ ಕತ್ಲಿ? ಮನಿ ಮಂದೀನ ಒಳಗ ಕರ್ಕೊಳ್ಳಾಕಿ ಆಕಿ!" ಎನ್ನುತ್ತಾನೆ. ಸಂಜೆ ಕರೆಂಟು ಹೋದ ಓಣಿಯಲ್ಲಿ ತಡವರಿಸುತ್ತ ಮನೆ ಮುಟ್ಟಿದರೆ, ಅವನು ಕದ ತಟ್ಟುವ ಮೊದಲೇ ಒಳಗಿನಿಂದ ಅಗುಳಿ ಸರಿಯುತ್ತದೆ, ಹೆಜ್ಜೆ ಸಪ್ಪಳದಲ್ಲೇ ಮಗನನ್ನು ಗುರುತಿಸುವ, ಕಣ್ಣು ಕಾಣದ ತಾಯಿ ಕೊಟ್ರಮ್ಮ ಬಾಗಿಲಲ್ಲಿ ನಿಂತು ಕೈ ಚಾಚುತ್ತಾಳೆ: "ಬಾರಪಾ, ಹೊಸ್ತಿಲಾ ಐತಿ ನೋಡು, ಎಡವಿ ಬಿದ್ದೀಯಾ."