ಕಾಯಂ ಆಗಿ ಮರಳಿದವರ ಫಾರ್ಮು

ನವಿ ಮುಂಬಯಿಯ ವಾಶಿಯಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿಗೆ ಮಸ್ಕತ್ ಬಿಟ್ಟು ಬಂದ ಉಡುಪಿಯವರೊಬ್ಬರು ಹೆಂಡತಿ ಜೊತೆ ಬಂದರು. ಎನ್ನಾರೈ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಲು ಫಾರ್ಮಿನಲ್ಲಿ ‘ಕಾಯಂ ಆಗಿ ಮರಳಿದ್ದೇನೆ’ ಎಂಬಲ್ಲಿ ಸಹಿ ಹಾಕಬೇಕು. ಅವರ ಪೆನ್ನು ಅಲ್ಲೇ ನಿಂತುಬಿಟ್ಟಿತು.

“‘ಸದ್ಯಕ್ಕೆ’ ಅಂತ ಬರೆದರೆ ಆಗ್ತದಾ ಮಗಾ?”

“ಅಂಥ ಆಪ್ಷನ್ ಇಲ್ಲ ಅಂಕಲ್.”

“ಹೋಗುವಾಗಲೂ ಸದ್ಯಕ್ಕೆ ಅಂತಲೇ ಹೋದದ್ದು, ಇಪ್ಪತ್ತೆರಡು ವರ್ಷ ಆಯ್ತು,” ಹೆಂಡತಿ ನಿಟ್ಟುಸಿರಿಟ್ಟರು. “ಹಾಕಿ ಮಾರಾಯ್ರೆ.”

ಹಾಕಿದರು. ಆಂಟಿ ಅದರ ಜೆರಾಕ್ಸ್ ಕೇಳಿ ತೆಗೆದುಕೊಂಡರು. “ಫ್ರಿಜ್ಜಿಗೆ ಅಂಟಿಸ್ತೇನೆ.”

ಬಾಗಿಲವರೆಗೆ ಹೋದ ಅಂಕಲ್ ಒಬ್ಬರೇ ವಾಪಸ್ ಬಂದು ಪಿಸುಗುಟ್ಟಿದರು, “ಪುನಃ ಹೋಗುವುದಾದರೆ ಬೇರೆ ಫಾರ್ಮ್ ಉಂಟಾ?”

ಉಂಟು. ಆದರೆ ಬಾಗಿಲಲ್ಲಿ ಆಂಟಿ ಕಾಯುತ್ತಿದ್ದರು. “ಪ್ರಿಂಟರ್ ಹಾಳಾಗಿದೆ ಅಂಕಲ್,” ಎಂದೆ. ಐದು ನಿಮಿಷದ ಹಿಂದೆ ಜೆರಾಕ್ಸ್ ತೆಗೆದದ್ದೂ ಅದರಲ್ಲೇ. ಅಂಕಲ್ ಪ್ರಿಂಟರಿನತ್ತ ಒಮ್ಮೆ ನೋಡಿ ಆಂಟಿಯ ಕಡೆಗೆ ಹೊರಟರು, ಅವರಿಗೂ ಪರದೇಶ ಸಾಕಾಗಿತ್ತೇನೋ.