ನಾಲ್ಕು ಬೆರಳು ಇಳಿಸಿದ ಗಾಜು

ನಾಗಪುರದಲ್ಲಿ ಬೇಸಿಗೆ ಬಂತೆಂದು ತಿಳಿಯಲು ಪಂಚಾಂಗ ನೋಡಬೇಕಿಲ್ಲ. ಮನೆಯ ಒಂದು ಕಿಟಕಿಯಲ್ಲಿ ಕೂಲರ್ ವಿರಾಜಮಾನವಾಗಿ, ಎದುರಿನ ಕಿಟಕಿ ನಾಲ್ಕು ಬೆರಳಿನಷ್ಟು ತೆರೆದುಕೊಂಡರೆ ಸಾಕು. ತಂಪು ಗಾಳಿ ಒಳಬರಬೇಕಾದರೆ ಒಳಗಿನ ಗಾಳಿಗೆ ಹೊರದಾರಿ ಬೇಕೆಂಬ ಈ ಶಾಸ್ತ್ರವನ್ನು, ರೈಲ್ವೆ ನೌಕರಿಗೆಂದು ನಾನು ಹುಬ್ಬಳ್ಳಿಯಿಂದ ಬಂದ ಮೊದಲ ವರ್ಷವೇ ನೆರೆಮನೆಯ ಅಜ್ಜಿಯೊಬ್ಬರು ದೀಕ್ಷೆ ಕೊಟ್ಟಂತೆ ಕಲಿಸಿದ್ದರು.

ನನ್ನ ಕಾರಿಗೂ ನನ್ನಂತೆಯೇ ವಯಸ್ಸಾಗಿದೆ. ಅದು ಹುಟ್ಟಿದ ಕಾಲದಲ್ಲಿ ಕಾರಿನೊಳಗಿನ ಏಸಿ ಮಹಾನುಭಾವರ ಭಾಗ್ಯ. ನಮ್ಮ ಪಾಲಿಗೆ ಒದ್ದೆ ಟವೆಲ್ಲು. ಹೋದ ಬೇಸಿಗೆಯಲ್ಲಿ ಪಕ್ಕದೂರು ಕಾಮಠಿಯಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬಂದ ನನ್ನ ಹೆಂಡತಿ ಶಾರದಾ, ಕಾದ ಸೀಟಿನಿಂದ ಇಳಿದು ಶಾಂತವಾಗಿ ಹೇಳಿದಳು: “ಮುಂದಿನ ಬ್ಯಾಸಗಿಗೆ ಇದು ತಂಪಾಗಬೇಕು, ಇಲ್ಲಾ ಮಾರಬೇಕು. ಅಲ್ಲೀತನಕ ನಾ ಇದರಾಗ ಕೂಡಂಗಿಲ್ಲ.” ದನಿ ಏರಿಸಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮೆಕ್ಯಾನಿಕ್ ವಾಮನರಾವ್ ನನ್ನ ಸಂಕಟ ಕೇಳಿ, ಗುಜರಿಗೆ ಬಂದ ವ್ಯಾನೊಂದರ ಕಂಪ್ರೆಸರನ್ನೂ ಇನ್ನಾವುದೋ ಕಾರಿನ ಕೂಲಿಂಗ್ ಕಾಯಿಲನ್ನೂ ತಂದರು. ಎಂಜಿನ್ನಿನ ಪಕ್ಕ ಕಂಪ್ರೆಸರಿಗೊಂದು ಆಸನ ಕಲ್ಪಿಸಲು ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ, ಬೆಸೆದು, ಸರಿಹೋಗದೆ ಮತ್ತೆ ಕತ್ತರಿಸಿ, ಅಂತೂ ನಾನಾ ಕುಲಗಳ ಅಂಗಾಂಗಗಳನ್ನು ಒಂದೇ ಸಂಸಾರಕ್ಕೆ ಒಗ್ಗಿಸಿದರು. ಅವರು ಸ್ವಿಚ್ಚು ಹಾಕಿದರೆ ಗ್ಯಾರೇಜಿನಲ್ಲೇ ಮಾಘಮಾಸ. ನಾನು ಹಾಕಿದರೆ ಸಿವಿಲ್ ಲೈನ್ಸ್ ದಾಟುವಷ್ಟರಲ್ಲಿ ವೈಶಾಖ. ಮೂರು ಸಲ ಮರಳಿ ಒಯ್ದೆ. ಬೆಲ್ಟು ಬಿಗಿಯಾಯಿತು, ಗ್ಯಾಸ್ ತುಂಬಿತು, ದೋಷ ಮಾತ್ರ ಸಿಗಲಿಲ್ಲ. ಪ್ರತಿ ಸಲ ಬೆವರುತ್ತ ಇಳಿಯುವ ನನ್ನ ಮುಖವನ್ನೇ ವರದಿಯೆಂದು ಸ್ವೀಕರಿಸಿದ ಶಾರದಾ, ಕಾರು ಕೊಳ್ಳುವವರೊಬ್ಬರಿಗೆ ಭಾನುವಾರ ಬರಹೇಳಿದಳು.

ಶನಿವಾರ ವಾಮನರಾವ್ ತಾವೇ ನನ್ನ ಪಕ್ಕ ಕುಳಿತರು. ನಾನು ಸ್ವಿಚ್ಚು ಹಾಕಿದೆ. ಹಾಕಿದೊಡನೆ ಹಿಂದಕ್ಕೆ ಬಾಗಿ, ಎರಡೂ ಬದಿಯ ಹಿಂದಿನ ಗಾಜುಗಳನ್ನು ನಾಲ್ಕು ಬೆರಳಿನಷ್ಟು ಇಳಿಸಿ, ನಿಶ್ಚಿಂತೆಯಿಂದ ಸ್ಟೀರಿಂಗ್ ಹಿಡಿದೆ. ಅವರು ಒಮ್ಮೆ ಗಾಜನ್ನು, ಒಮ್ಮೆ ನನ್ನನ್ನು ನೋಡಿದರು.

“ಸಾಹೇಬ, ಹಾ ಕೂಲರ್ ನಾಹೀ,” ಎಂದರು ಮರಾಠಿಯಲ್ಲಿ. ಇದು ಕೂಲರ್ ಅಲ್ಲ.

ನಾನು ರೈಲ್ವೆಯಿಂದ ನಿವೃತ್ತನಾಗಿ ಎಷ್ಟೋ ದಿನವಾದರೂ, ಅಜ್ಜಿ ಕಲಿಸಿದ ಪಾಠವನ್ನು ಕೈಗಳು ಇನ್ನೂ ನೌಕರಿಯೆಂಬಂತೆ ನಡೆಸಿಕೊಂಡು ಬಂದಿದ್ದವು. ಕೋಪಿಸಿಕೊಳ್ಳುವುದಾದರೂ ಯಾರ ಮೇಲೆ? ಇಷ್ಟು ವರ್ಷ ನಮ್ಮನ್ನು ತಂಪಾಗಿಟ್ಟ ವಿದ್ಯೆಯಲ್ಲವೇ ಅದು.

ಭಾನುವಾರ ಬಂದವರಿಗೆ ಚಹಾ ಕೊಟ್ಟು, ಕ್ಷಮೆ ಕೇಳಿ ಕಳಿಸಿ, ಮಧ್ಯಾಹ್ನದ ಉರಿಬಿಸಿಲಲ್ಲೇ ಕಾಮಠಿಗೆ ಹೊರಟೆವು. ಗಾಜುಗಳೆಲ್ಲ ಭದ್ರ. ಅರ್ಧ ದಾರಿಯಲ್ಲಿ ಶಾರದಾ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡಳು.

“ಏನ್ರಿ, ಗಾಜು ಒಂಚೂರು ಇಳಸ್ರಿ. ಥಂಡಿ ಹತ್ತೇತಿ.”

ಅಳತೆ ಹೇಳಬೇಕಾಗಲಿಲ್ಲ, ಅದು ನನ್ನ ಕೈಗೆ ಗೊತ್ತಿತ್ತು.