ಮಡಿಲಿಗೆ ಬಿದ್ದ ರೂಪಾಯಿ

ಕಳೆದ ವರ್ಷ ಗೌರಿ ಹಬ್ಬದ ಮಧ್ಯಾಹ್ನ, ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಊರಿನ ನಮ್ಮ ಮನೆಯಲ್ಲಿ, ದೊಡ್ಡಮ್ಮ ನನ್ನ ಸೋದರತ್ತೆಗೆ ಮಡಿಲಕ್ಕಿ ಕೊಟ್ಟರು. ಅಕ್ಕಿ, ಬೆಲ್ಲ, ಕೊಬ್ಬರಿ ಬಿದ್ದ ಮೇಲೆ ದೊಡ್ಡಪ್ಪ ದೇವರ ಪೆಟ್ಟಿಗೆಯಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ತಂಗಿಯ ಮಡಿಲಿಗೆ ಹಾಕಿದರು. ದಸರೆಗೆ ಮೊದಲೇ ಅದನ್ನು ವಾಪಸ್ ಕೇಳಿದರು.

ಮಡಿಲಿಗೆ ಹಾಕಿದ್ದನ್ನು ನಮ್ಮ ಕಡೆ ಯಾರೂ ವಾಪಸ್ ಕೇಳುವುದಿಲ್ಲ. ದೊಡ್ಡಪ್ಪನಿಗೂ ಅದು ಗೊತ್ತಿತ್ತು. ಆದರೆ ಅಷ್ಟರಲ್ಲಿ ಅವರು ಮೊಬೈಲ್‌ನಲ್ಲಿ ಒಂದು ವಿಡಿಯೊ ನೋಡಿದ್ದರು. 1939ನೇ ಇಸವಿಯ ಬೆಳ್ಳಿ ರೂಪಾಯಿ ಸಿಗುವುದೇ ಅಪರೂಪ, ಸಂಗ್ರಹಕಾರರು ಅದಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ ಎಂದು ಅದರಲ್ಲಿ ಒಬ್ಬ ಹೇಳುತ್ತಿದ್ದ. ದೊಡ್ಡಪ್ಪ ಹಬ್ಬದ ದಿನ ಬೆಳಿಗ್ಗೆ, ಆ ರೂಪಾಯಿಯನ್ನೂ ಇಟ್ಟಿದ್ದ ಪೂಜೆ ತಟ್ಟೆಯ ಫೋಟೊ ತೆಗೆದಿದ್ದರು. ಅದನ್ನು ಹಿಗ್ಗಿಸಿ ನೋಡಿದರೆ ನಾಣ್ಯದ ಮೇಲೆ 1939 ಎಂದೇ ಕಾಣುತ್ತಿತ್ತು.

ನನ್ನ ತಂದೆ ಇಲ್ಲ. ಮನೆಗೆ ದೊಡ್ಡಪ್ಪನೇ ಹಿರಿಯರು. ಹೊಲದ ಖಾತೆ ಇನ್ನೂ ತಾತನ ಹೆಸರಿನಲ್ಲಿದೆ. ಕಾರ್ಖಾನೆಗಳು ಬಂದ ಮೇಲೆ ಆ ನೆಲದ ಬೆಲೆ ಎಲ್ಲಿಗೆ ಹೋಗಿದೆ ಎಂದು ಸುತ್ತಿನವರಿಗೆ ವಿವರಿಸಬೇಕಿಲ್ಲ. ಅತ್ತೆ ಮಾತ್ರ ತಮಗೆ ಪಾಲು ಬೇಡ ಎಂದಿದ್ದರು. “ಹಬ್ಬಕ್ಕೆ ಕರೀರಿ, ಮಡಿಲು ತುಂಬ್ಸಿ ಕಳ್ಸಿ, ಅಷ್ಟು ಸಾಕು” ಎನ್ನುವುದು ಅವರ ಮಾತಾಗಿತ್ತು. ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ದೀಪಾವಳಿ ಕಳೆದ ಮೇಲೆ ಸಹಿ ಹಾಕುವುದಾಗಿ ಒಪ್ಪಿದ್ದರು.

ಫೋನಿನಲ್ಲಿ ರೂಪಾಯಿ ಕೇಳಿದಾಗ ಅತ್ತೆ ಕೊಡುವುದಿಲ್ಲ ಎಂದರು. ದೊಡ್ಡಪ್ಪ ಅತ್ತೆಯ ಗಂಡನ ಊರು ಸಾತನೂರಿಗೆ ಹೊರಟರು. ಸಾಕ್ಷಿಗೆ, ಪತ್ರಿಕೆಯಲ್ಲಿ ಕೆಲಸ ಮಾಡುವ ನನ್ನನ್ನು ಕರೆದರು.

“ನೀನು ಪೇಪರ್‌ನೋನು ಕಣ್ಲಾ. ನಾಳೆ ಅವ್ಳು ಆ ರೂಪಾಯಿ ಈಸ್ಕಂಡೇ ಇಲ್ಲ ಅನ್ಬಾರ್ದು.”

ಅತ್ತೆ ಹಜಾರದಲ್ಲಿ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ನೀರು ಕೊಟ್ಟರು, ಕೂರಿ ಎನ್ನಲಿಲ್ಲ.

“ಆ ರೂಪಾಯಿ ಕೊಡಮ್ಮಿ, ಒಸಿ ಕೆಲ್ಸ ಐತೆ,” ಎಂದರು ದೊಡ್ಡಪ್ಪ.

“ಅಕ್ಕೀನೂ ವಾಪಸ್ ಬೇಕೇನಣ್ಣ? ಅದ್ನ ಉಂಡು ಅರಗಿಸ್ಕಂಡಿದೀವಿ. ಬೆಲ್ಲ ಒಸಿ ಮಿಕ್ಕೈತೆ, ತಕ್ಕೊಂಡೋಗು.”

“ತಮಾಸೆ ಬ್ಯಾಡ. ಅದು ಸಾಮಾನ್ಯದ ಕಾಸಲ್ಲ. ಲಕ್ಷ ಬಾಳ್ತದೆ.”

“ನನ್ನ ಮಡ್ಲಿಗೆ ಬೀಳೋಗಂಟ ಎಷ್ಟು ಬಾಳ್ತಿತ್ತು?”

ದೊಡ್ಡಪ್ಪನ ದನಿ ಏರಿತು. “ಮನೆ ಕಾಸು ಕಣಮ್ಮಿ ಅದು! ನಿಂಗೊಬ್ಳಿಗೇ ಹೆಂಗಾಯ್ತದೆ? ಎಲ್ರಿಗೂ ಪಾಲೈತೆ.”

ಸೊಪ್ಪು ಕತ್ತರಿಸುವ ಕೈ ನಿಂತಿತು. ಅತ್ತೆ ಎದ್ದು ಒಳಗೆ ಹೋದರು. ಸೀರೆ ಬದಲಿಸಿ, ನಾಣ್ಯವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದರು. “ನಡಿ. ಯಾರ್ಗೆ ತೋರಿಸ್ಬೇಕೋ ನನ್ನೆದ್ರುಗೇ ತೋರ್ಸು.”

ಚನ್ನಪಟ್ಟಣಕ್ಕೆ ಬಂದು ರಾಮನಗರದ ಬಸ್ ಹಿಡಿದೆವು. ಅಣ್ಣ ತಂಗಿ ಬೇರೆ ಬೇರೆ ಸೀಟಿನಲ್ಲಿ ಕುಳಿತರು. ದೊಡ್ಡಪ್ಪ ತಂಗಿಯ ಟಿಕೆಟ್ಟಿಗೂ ಜೇಬಿಗೆ ಕೈ ಹಾಕಿದಾಗ ಅತ್ತೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: “ನಂಗೆ ಫ್ರೀ ಕಣಣ್ಣ. ನಂದೂ ಕಾಸು ಕೊಟ್ಟು, ಆಮೇಲೆ ವಾಪಸ್ ಕೇಳ್ಬ್ಯಾಡ.”

ಹಳೆಯ ನಾಣ್ಯ ಕೊಂಡು ಮಾರುವವನ ಅಂಗಡಿ ಒಂದು ಬೆಳ್ಳಿ ಅಂಗಡಿಯ ಹಿಂದಿನ ಕೋಣೆ. ಆತ ನಾಣ್ಯದ ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ದೀಪದ ಕೆಳಗೆ ತಿರುಗಿಸಿದ.

“ಏನ್ ಹಾಕಿ ತೊಳ್ದಿದೀರಿ?”

“ಹುಣಸೆಹಣ್ಣು, ಬೂದಿ,” ಎಂದರು ದೊಡ್ಡಪ್ಪ, ಹೊಗಳಿಕೆ ಬರುತ್ತದೆಂಬ ನಂಬಿಕೆಯಲ್ಲಿ. “ನಮ್ಮವ್ವನ ಕಾಲದಿಂದ್ಲೂ ಅಷ್ಟೆ. ವರಮಾಲಕ್ಷ್ಮಿ ಹಬ್ಬ ಬಂತು ಅಂದ್ರೆ ಫಳಫಳ ಅನ್ನಂಗೆ ಉಜ್ಜೋದೇಯ.”

“ತಪ್ಪಲೆ ಉಜ್ಜಿದಂಗೆ ಉಜ್ಜಿದೀರಿ. ರಾಜನ ಕಿವಿ ಎಲ್ಲೈತೆ ತೋರ್ಸಿ ನೋಡಾನ.”

ಕಿವಿ ಇದ್ದ ಜಾಗ ನುಣ್ಣಗಿತ್ತು.

“ಆದ್ರೂ ಹಳೇ ಕಾಸಲ್ವಾ?”

“ಹಳೇದು ಅಂತ ಯಾರೂ ದುಡ್ಡು ಕೊಡಲ್ಲ ಯಜಮಾನ್ರೇ. ಇದಕ್ಕಿಂತ ಹಳೇವು ನನ್ನತ್ರ ಡಬ್ಬ ತುಂಬ ಅವೆ. ಕೇಳೋರಿಲ್ಲ.”

ಆತ ಸಿಡುಕುತ್ತಲೇ ವಿವರಿಸಿದ. ನೋಡುವುದು ಇಸವಿ, ಅಚ್ಚಾದ ಟಂಕಸಾಲೆ, ಆ ಪೈಕಿ ಎಷ್ಟು ಉಳಿದಿವೆ ಎಂಬುದನ್ನು. ಆಮೇಲೆ ಹೇಗೆ ಉಳಿದಿದೆ ಎಂಬುದನ್ನು. ಅಚ್ಚಿನ ಗೆರೆಗಳು ಚೂಪಾಗಿರಬೇಕು. ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ್ದರೆ ಬೆಲೆ ಬಿತ್ತು. ಬೆಳ್ಳಿಯ ಮೇಲೆ ತಾನಾಗಿ ಕೂತ ಕಪ್ಪು ಇರಬೇಕು, ಕೊಳ್ಳುವವನು ನಂಬುವುದು ಅದನ್ನೇ. ಉಜ್ಜಿ ಬರಿಸಿದ ಹೊಳಪು ಕಂಡರೆ ಸಂಗ್ರಹಕಾರ ಕೈಯಲ್ಲಿ ಹಿಡಿಯುವುದಿಲ್ಲ.

“ಇಸವಿ ಮೂವತ್ತೊಂಬತ್ತು ಐತಲ್ಲ?” ಎಂದರು ದೊಡ್ಡಪ್ಪ.

ಆತ ಭೂತಗನ್ನಡಿ ಇಟ್ಟ. “ಮೂವತ್ತೆಂಟು. ಎಂಟರ ಕೆಳಗಿನ ಸುತ್ತು ಎಡಗಡೆ ಸವೆದು ಒಂಬತ್ತರಂಗೆ ಕಾಣ್ತಾ ಐತೆ. ಕೆಲವ್ರು ಬೇಕಂತ್ಲೇ ಹಂಗೆ ಕೆರೀತಾರೆ. ನೀವು ಕೆರೆದ್ರೋ ಉಜ್ಜಿದ್ರೋ ನಂಗೆ ಬೇಕಾಗಿಲ್ಲ. ಮೂವತ್ತೆಂಟರವು ಬೇಕಾದಷ್ಟು ಸಿಗ್ತವೆ. ಇದ್ನ ತೂಕಕ್ಕೆ ಹಾಕ್ಬೋದು, ಅಷ್ಟೆ.”

ದೊಡ್ಡಪ್ಪ ತಂಗಿಯ ಕಡೆ ತಿರುಗಿದರು. “ಬದಲಾಯ್ಸಿದೀಯ. ನಮ್ಮದು ಇದಲ್ಲ.”

ಹಬ್ಬದ ದಿನದ ಫೋಟೊ ತೆರೆದು ತೋರಿಸಿದರು. ಅಂಗಡಿಯವನು ಮೊಬೈಲ್ ಈಸಿಕೊಂಡು ಅದನ್ನು ಹಿಗ್ಗಿಸಿದ. ಫೋಟೊದ ನಾಣ್ಯದ ಅಂಚಿನಲ್ಲಿ, ಇಸವಿಗೆ ನೇರವಾಗಿ, ಒಂದು ಸಣ್ಣ ಏಟಿನ ಗುರುತಿತ್ತು. ಕೈಯಲ್ಲಿದ್ದ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗುರುತು. ನಾನೂ ನೋಡಿದೆ. ಒಂದೇ ನಾಣ್ಯ ಎಂದು ಹೇಳಿದೆ.

ದೊಡ್ಡಪ್ಪ ನಾಣ್ಯವನ್ನು ಮೇಜಿನ ಮೇಲೆ ಅತ್ತೆಯ ಕಡೆಗೆ ನೂಕಿದರು. “ಇಟ್ಕೊ. ಮಡ್ಲಿಗೆ ಹಾಕಿದ್ದು, ನಿಂದೇಯ.”

“ಈಗ ನಂದಾಯ್ತಾ?” ಅತ್ತೆ ಅದನ್ನು ಮುಟ್ಟಲಿಲ್ಲ. “ಬ್ಯಾಡ ಕಣಣ್ಣ. ಮನೇದ್ರಲ್ಲಿ ಎಲ್ರಿಗೂ ಪಾಲೈತೆ ಅಂದ್ಯಲ್ಲ, ನಂಗೆ ಅದು ತಿಳೀದೇ ಹೋಗಿತ್ತು. ಪಾಲೇ ಮಾಡ್ಬುಡಾನ. ಈ ಕಾಸಿಂದ ಹಿಡ್ದು ಹೊಲದ ಬದದ ಗಂಟ.”

“ಹೊಲುಕ್ಕೂ ಇದಕ್ಕೂ ಏನಮ್ಮಿ ಸಂಬಂಧ?”

“ಅದೂ ಮನೇದೇ ಅಲ್ವಾ?”

“ನಿಮ್ಮ ಪಂಚಾಯ್ತಿ ಆಚೆ ಇಟ್ಕಳಿ,” ಎಂದ ಅಂಗಡಿಯವನು. “ಮಾರ್ತೀರೋ ಇಲ್ವೋ?”

ಅತ್ತೆ ಎದ್ದು ಬಾಗಿಲ ಕಡೆ ಹೊರಟರು. ಆತ ನಾಣ್ಯವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾವು ಹೊರಗೆ ಬರುವಷ್ಟರಲ್ಲಿ ಅತ್ತೆ ಬಸ್ ನಿಲ್ದಾಣದ ಕಡೆ ನಡೆದಿದ್ದರು.

ದೀಪಾವಳಿ ಕಳೆದ ಮೇಲೆ ದೊಡ್ಡಪ್ಪ ನೋಂದಣಿ ಕಚೇರಿಗೆ ಬರಲು ಹೇಳಿ ಕಳುಹಿಸಿದರು. ಅತ್ತೆ ಬರಲಿಲ್ಲ. ಸಂಕ್ರಾಂತಿ ಆದ ಮೇಲೆ ರಾಮನಗರದ ಸಿವಿಲ್ ನ್ಯಾಯಾಲಯದಿಂದ ನೋಟಿಸ್ ಬಂತು. ಹೊಲ, ಮನೆ, ಹಿತ್ತಲು ಮೂರರಲ್ಲೂ ತಮ್ಮ ಭಾಗ ಕೋರಿ ಅತ್ತೆ ದಾವೆ ಹೂಡಿದ್ದರು. ದೊಡ್ಡಪ್ಪ ಒಂದನೇ ಪ್ರತಿವಾದಿ. ತಂದೆಯ ವಾರಸುದಾರನಾದ್ದರಿಂದ ನಾನು ಎರಡನೆಯವನು.

ಕಳೆದ ವಾಯಿದೆಯಲ್ಲಿ ದೊಡ್ಡಪ್ಪನ ವಕೀಲರು ಹೇಳಿಕೆ ಸಲ್ಲಿಸಲು ಸಮಯ ಕೇಳಿದರು. ನ್ಯಾಯಾಲಯ ಸಮಯ ಕೊಟ್ಟಿದೆ.